ನಿನ್ನ ಹಾಗಿನವರು ಯಾರಾದ್ರೂ ಸಿಕ್ಕಿದ್ರಾ?

ಸಿಕ್ಕಿದ್ದಾರೆ. ದೂರದಲ್ಲಲ್ಲ, ಬದಿಯಡ್ಕದಿಂದ ಬಸ್ಸಿನಲ್ಲಿ ಹತ್ತು ನಿಮಿಷದ ದಾರಿಯಲ್ಲಿ. ಸ್ವಭಾವದಲ್ಲಿ ನನ್ನ ಹಾಗೆ ಒಂಚೂರೂ ಇಲ್ಲದವರು. ಸಾಕಲ್ಲ? ಎರಡು ವರ್ಷದಿಂದ ಈ ಪ್ರಶ್ನೆಗೆ ನಗುನಗುತ್ತಾ ಉತ್ತರ ಹೇಳಿ ನನಗೆ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ, ಇದನ್ನು ಓದಿಕೊಳ್ಳಿ ಅನ್ನುತ್ತೇನೆ.

ಶುರುವಾದದ್ದು ಒಂದು ತರಬೇತಿಯಿಂದ. ನಾನು ಸಹಕಾರಿ ಸಂಘವೊಂದರ ಕೌಂಟರಿನಲ್ಲಿ ಕೆಲಸ ಮಾಡುವವಳು. ನಮಗೆಲ್ಲ ಎರಡು ದಿನದ ತರಬೇತಿ ಇಟ್ಟಿದ್ದರು. ತರಬೇತಿ ಕೊಡಲು ಬಂದವರು ಮೈಯರ್ಸ್-ಬ್ರಿಗ್ಸ್ ಪರೀಕ್ಷೆ ಅಂತ ಒಂದು ಪ್ರಶ್ನಾವಳಿ ತುಂಬಿಸಿದರು. ಕೊನೆಗೆ ಒಬ್ಬೊಬ್ಬರಿಗೂ ನಾಲ್ಕು ಅಕ್ಷರ. ನನಗೆ ಬಂದದ್ದು ಐಎನ್‌ಎಫ್‌ಜೆ. ಅಂದರೆ ಅಂತರ್ಮುಖಿ, ಕಂಡದ್ದಕ್ಕಿಂತ ಒಳಗೆ ಹೊಳೆದದ್ದನ್ನು ನಂಬುವವಳು, ತೀರ್ಮಾನಕ್ಕೆ ಲೆಕ್ಕಾಚಾರಕ್ಕಿಂತ ಮನಸ್ಸನ್ನು ಕೇಳುವವಳು, ಎಲ್ಲ ಮೊದಲೇ ನಿಶ್ಚಯವಾಗಿರಬೇಕು ಅನ್ನುವವಳು. ‘ಹದಿನಾರು ವಿಧಗಳಲ್ಲಿ ಇದೇ ಅತಿ ಅಪರೂಪ, ನೂರಕ್ಕೆ ಒಂದೂವರೆ’ ಅಂತ ಅವರು ಹೇಳಿದಾಗ ನನಗೆ ಖುಷಿಯಾಯಿತು. ಯಾಕೆ ಸುಳ್ಳು ಹೇಳಲಿ, ಬಹಳ ಖುಷಿಯಾಯಿತು. ಸಣ್ಣಂದಿನಿಂದ ‘ಎಂತ ಮಾರಾಯ್ತಿ, ನಿನ್ನ ಬಾಯಲ್ಲಿ ಮಾತೇ ಇಲ್ವಾ’ ಅಂತ ಕೇಳಿಸಿಕೊಂಡವಳಿಗೆ ಅದಕ್ಕೊಂದು ಹೆಸರು ಉಂಟು ಅಂತ ಮೊದಲ ಸಲ ಗೊತ್ತಾಗಿತ್ತು.

ಆ ಖುಷಿಯಲ್ಲಿ ಚಿಕ್ಕಮ್ಮನ ಮಗಳಿಗೆ ಹೇಳಿಬಿಟ್ಟೆ. ಅವಳು ಮುಂದಿನ ತಿಂಗಳು ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ನನ್ನಿಂದ ಆರು ಎಲೆ ಆಚೆ ಕೂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: ‘ಅಕ್ಕನದ್ದು ಪ್ರಪಂಚದಲ್ಲೇ ಅಪರೂಪದ ಸ್ವಭಾವ ಅಂತೆ!’ ಪಾಯಸ ಬಡಿಸುತ್ತಿದ್ದ ಹುಡುಗ ಬಕೆಟ್ ಹಿಡಿದು ನನ್ನ ಎದುರೇ ನಿಂತುಬಿಟ್ಟ. ಅತ್ತೆ ಕೇಳಿದರು, ‘ಅದಕ್ಕೆ ಔಷಧ ಉಂಟಾ?’ ಅವರು ನಿಜವಾದ ಕಾಳಜಿಯಿಂದ ಕೇಳಿದ್ದು. ಭಾವ ಕೇಳಿದರು, ‘ಹಾಗಾದ್ರೆ ನಿನ್ನ ಹಾಗಿನವರು ಇಲ್ಲಿ ಯಾರಾದ್ರೂ ಇದ್ದಾರಾ? ಹುಡುಕಿದ್ಯಾ?’ ಅವತ್ತಿನಿಂದ ಇದೇ ಪ್ರಶ್ನೆ. ಪೂಜೆಯಲ್ಲಿ, ಸತ್ತವರ ಬೊಜ್ಜದಲ್ಲಿ, ಕಾಸರಗೋಡು ಬಸ್‌ಸ್ಟ್ಯಾಂಡಿನಲ್ಲಿ.

ನನಗೆ ಸಿಟ್ಟು ಬರುವುದು ಆ ‘ನಿನ್ನ ಹಾಗಿನವರು’ ಅನ್ನುವ ಮಾತಿಗೆ. ಕಾಸರಗೋಡು ಗಿಡ್ಡ ತಳಿಯ ದನ ಇನ್ನು ಎಷ್ಟು ಉಳಿದಿವೆ ಅಂತ ವಿಚಾರಿಸುವ ಧಾಟಿಯದು. ತಳಿ ಉಳಿಸಲು ಜೋಡಿ ಹುಡುಕಬೇಕು, ಸರಿ. ಮನುಷ್ಯರಿಗೆ ಬೇಕಾದದ್ದು ಅದಲ್ಲ.

ಮತ್ತೆ ಆ ‘ಅಪರೂಪ’. ನೂರಕ್ಕೆ ಒಂದೂವರೆ ಅನ್ನುವುದು ಅಮೆರಿಕದಲ್ಲಿ ಮಾಡಿದ ಲೆಕ್ಕ. ಅದನ್ನೇ ಇಲ್ಲಿಗೆ ಹಚ್ಚಿ ನೋಡೋಣ. 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಗೆ 13 ಲಕ್ಷಕ್ಕೂ ಹೆಚ್ಚು ಜನ. ನೂರಕ್ಕೆ ಒಂದೂವರೆ ಅಂದರೆ 19 ಸಾವಿರ ದಾಟುತ್ತದೆ. ತಲಪಾಡಿಯಿಂದ ಕಾಸರಗೋಡಿಗೆ ಬರುವ ಬಸ್ಸಿನಲ್ಲಿ ಬೆಳಿಗ್ಗೆ ನಿಂತವರನ್ನೂ ಸೇರಿಸಿ ಎಪ್ಪತ್ತು ಜನ ಇದ್ದರೆ ಅದರಲ್ಲಿ ಒಬ್ಬರು ‘ನನ್ನ ಹಾಗಿನವರು’. ಹೆಚ್ಚುಕಡಿಮೆ ದಿನಾ ನಾನು ಅವರ ಕಾಲು ತುಳಿದಿರಬೇಕು.

ಆ ಪರೀಕ್ಷೆಯ ಚರಿತ್ರೆಯನ್ನೂ ಆಮೇಲೆ ಹುಡುಕಿ ಓದಿದೆ. ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಸ್ವಭಾವದ ವಿಧಗಳ ಬಗ್ಗೆ ಪುಸ್ತಕ ಬರೆದರು. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್, ಅವರ ಮಗಳು ಇಸಬೆಲ್ ಮೈಯರ್ಸ್ ಅದನ್ನು ಹಿಡಿದುಕೊಂಡು ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ರಶ್ನಾವಳಿ ಕಟ್ಟಲು ಹೊರಟರು. ಇಬ್ಬರೂ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿತವರಲ್ಲ. ಹೊಸದಾಗಿ ಕೆಲಸಕ್ಕೆ ಸೇರುತ್ತಿದ್ದ ಹೆಂಗಸರಿಗೆ ಯಾವ ಕೆಲಸ ಹೊಂದುತ್ತದೆ ಅಂತ ಹೇಳುವುದು ಆಗ ಅವರ ಒಂದು ಉದ್ದೇಶವಾಗಿತ್ತು. ಅಮ್ಮ ಮಗಳು ಕೂತು ಮನುಷ್ಯರನ್ನು ಅರ್ಥಮಾಡಿಕೊಳ್ಳಲು ಇಷ್ಟು ವರ್ಷ ದುಡಿದದ್ದರ ಬಗ್ಗೆ ನನಗೆ ಗೌರವ ಉಂಟು. ಆದರೆ ಪರೀಕ್ಷೆಯ ಹುಳುಕು ದೊಡ್ಡದು. ಹೆಚ್ಚಿನ ಜನ ಪೂರ್ತಿ ಮೌನಿಗಳೂ ಅಲ್ಲ, ಪೂರ್ತಿ ಮಾತಿನಮಲ್ಲರೂ ಅಲ್ಲ, ನಡುವೆ ಇರುವವರು. ಪರೀಕ್ಷೆ ಆ ನಡುವಿಗೇ ಗೆರೆ ಎಳೆದು, ಗೆರೆಯಿಂದ ಈಚೆ ಒಂದು ಕೂದಲು ಇದ್ದವರಿಗೆ ಒಂದು ಅಕ್ಷರ, ಆಚೆ ಒಂದು ಕೂದಲು ಇದ್ದವರಿಗೆ ಬೇರೆ ಅಕ್ಷರ ಕೊಡುತ್ತದೆ. ಐದು ವಾರ ಬಿಟ್ಟು ಮತ್ತೆ ಬರೆಸಿದರೆ ಅರ್ಧದಷ್ಟು ಜನರಿಗೆ ಬೇರೆ ವಿಧ ಬಂದ ಅಧ್ಯಯನಗಳುಂಟು. ನಾನೂ ಒಂದು ವರ್ಷ ಬಿಟ್ಟು ಮತ್ತೆ ಬರೆದೆ. ಕೊನೆಯ ಅಕ್ಷರ ಬದಲಾಯಿತು, ಐಎನ್‌ಎಫ್‌ಪಿ. ಅಮೆರಿಕದ ಅದೇ ಲೆಕ್ಕದಲ್ಲಿ ಅವರು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು. ನಡುವೆ ನನಗೆ ಎಂತದೂ ಆಗಿರಲಿಲ್ಲ. ಅದೇ ಕೌಂಟರು, ಅದೇ ಮನೆ.

ಈ ಎರಡನೇ ಪರೀಕ್ಷೆಗೆ ಮೊದಲು ನಾನು ಬೆಂಗಳೂರಿಗೆ ಹೋಗಿದ್ದೆ. ಭಾವನ ಮಾತು ಕೇಳಿ, ನಿಜವಾಗಿಯೂ ಹುಡುಕಿಕೊಂಡು. ಇದೇ ನಾಲ್ಕು ಅಕ್ಷರದವರು ಹತ್ತು ಹನ್ನೊಂದು ಜನ ಒಂದು ಭಾನುವಾರ ಸೇರುವುದಿತ್ತು. ರಾತ್ರಿ ಬಸ್ಸಿನಲ್ಲಿ ಎಷ್ಟು ಆಸೆ ಕಟ್ಟಿಕೊಂಡು ಹೋಗಿದ್ದೆನೆಂದರೆ ನಿದ್ದೆಯೇ ಬರಲಿಲ್ಲ. ಎಲ್ಲರೂ ಒಳ್ಳೆಯವರು. ಎಲ್ಲರೂ ಇನ್ನೊಬ್ಬರ ಮಾತು ಕೇಳಲು ತಯಾರಾಗಿ ಬಂದವರು. ಹಾಗಾಗಿ ಕೇಳುವವರು ಹನ್ನೊಂದು ಜನ, ಹೇಳುವವರು ಯಾರೂ ಇಲ್ಲ. ಕಾಫಿ ತಂದಿಟ್ಟವನು ಎರಡು ಸಲ ಬಂದು ಏನಾದರೂ ಬೇಕಾ ಅಂತ ಕೇಳಿದ, ಪಾಪ, ಅವನಿಗೇ ಗಾಬರಿಯಾಗಿತ್ತು. ಅದರಿಂದ ನನಗೆ ಬೇಸರವಾಗಲಿಲ್ಲ. ಬೇಸರವಾದದ್ದು ಆಮೇಲೆ. ಪಕ್ಕದಲ್ಲಿ ಕೂತವರು ಊರು ಕೇಳಿದರು. ಕಾಸರಗೋಡು ಅಂದೆ. ‘ಓ, ಕೇರಳದವರಾ? ಕನ್ನಡ ಎಷ್ಟು ಚೆನ್ನಾಗಿ ಕಲ್ತಿದ್ದೀರ!’

ಕಲ್ತಿದ್ದೀರ. ಈ ಒಂದು ಮಾತಿನ ಹಿಂದೆ 1956ರ ನವೆಂಬರ್ 1 ಉಂಟು, ರಾಜ್ಯಗಳ ಗೆರೆ ಎಳೆದು ನಮ್ಮನ್ನು ಕೇರಳದ ಕಡೆಗೆ ಹಾಕಿದ ದಿನ. ನಮ್ಮ ಮಂಜೇಶ್ವರದಲ್ಲಿ ಕೂತು ಬರೆದ ಗೋವಿಂದ ಪೈಗಳಿಗೆ ಮದ್ರಾಸ್ ಸರಕಾರ ರಾಷ್ಟ್ರಕವಿ ಅಂತ ಬಿರುದು ಕೊಟ್ಟದ್ದು ಅದಕ್ಕೂ ಮೊದಲು, 1949ರಲ್ಲಿ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ ಕೊನೆಯವರೆಗೂ ಈ ನೆಲದ ಕನ್ನಡಕ್ಕಾಗಿ ಕೊರಗಿದವರು. ನನ್ನ ಅಜ್ಜಿ ಒಂದೇ ಮನೆಯಲ್ಲಿ ಹುಟ್ಟಿ ಸಾಯುವುದರೊಳಗೆ ಮೂರು ಸರಕಾರದ ಕೆಳಗೆ ಬದುಕಿದವಳು, ಮಾತಾಡಿದ್ದು ಮಾತ್ರ ಒಂದೇ ಕನ್ನಡ. ಇದೆಲ್ಲ ಹೇಳಬೇಕೆನಿಸಿತು. ಬಾಯಿ ಬರಲಿಲ್ಲ. ನಾಲ್ಕಕ್ಕೆ ನಾಲ್ಕು ಅಕ್ಷರ ಒಂದೇ ಆಗಿದ್ದ ಮನುಷ್ಯರಿಗೆ ನಾನು ಯಾರು ಅಂತ ಮೊದಲಿನಿಂದ ಹೇಳಬೇಕಿತ್ತು.

ಇತ್ತ ನಮ್ಮ ಕೌಂಟರಿಗೆ ಮಲಯಾಳ ಓದಲು ಬಾರದ ಹಿರಿಯರು ಬರುತ್ತಾರೆ. ಎಲ್ಲಿಂದಲೋ ಬಂದ ಒಂದು ಕಾಗದ ಹಿಡಿದು, ಇದರಲ್ಲಿ ಎಂತ ಬರೆದದ್ದು ಅಂತ ಹೆದರಿ ಹೆದರಿ ಕೇಳುತ್ತಾರೆ. ಸರಕಾರದ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕನ್ನು ಇಲ್ಲಿನ ಕನ್ನಡಿಗರಿಗೆ ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯೇ ಕೊಟ್ಟಿತ್ತು. ಆದರೂ ಕಾಗದ ಬರುವುದು ಹೀಗೆ. ನಾನು ಓದಿ ಕನ್ನಡದಲ್ಲಿ ಹೇಳುವಾಗ ಅವರ ಮುಖ ಸಡಿಲವಾಗುವುದನ್ನು ದಿನಾ ನೋಡುತ್ತೇನೆ. ಅವರು ಯಾರೂ ನನ್ನ ಸ್ವಭಾವ ವಿಚಾರಿಸಿದ್ದಿಲ್ಲ. ಅಲ್ಲಿ ನಾನು ಎಷ್ಟು ಮಾತಾಡುತ್ತೇನೆ ಅಂತ ಅತ್ತೆ ಒಂದು ದಿನ ಬಂದು ನೋಡಬೇಕು.

ಜನ ಕೇಳಬೇಕಾದ ಪ್ರಶ್ನೆ ಬೇರೆ. ‘ಯಾರ ಹತ್ತಿರ ನಿನಗೆ ಮಾತು ಮುಗಿಯುವುದೇ ಇಲ್ಲ?’ ಹಾಗೆ ಕೇಳಿದರೆ ನಾನು ತಡವಿಲ್ಲದೆ ಹೇಳುತ್ತೇನೆ: ಮಾಷ್ಟ್ರ ಹತ್ತಿರ.

ಮಾಷ್ಟ್ರು ನಿವೃತ್ತರಾಗಿ ಹದಿನೈದು ವರ್ಷ ಆಗಿರಬೇಕು. ಪೇಟೆಗೆ ಹೊರಟರೆ ದಾರಿಯಲ್ಲಿ ಸಿಕ್ಕ ನಾಯಿಯನ್ನೂ ಮಾತಾಡಿಸದೆ ಬಿಡುವವರಲ್ಲ. ಸಮಯ ಅಂತ ಒಂದು ಉಂಟೆಂಬುದೇ ಅವರಿಗೆ ಗೊತ್ತಿಲ್ಲ. ಪರೀಕ್ಷೆ ಬರೆಸಿದರೆ ನನ್ನ ನಾಲ್ಕು ಅಕ್ಷರಕ್ಕೂ ಎದುರಿನ ನಾಲ್ಕು ಅಕ್ಷರ ಬರುವುದು ಖಂಡಿತ. ಪರಿಚಯವಾದದ್ದು ದೇವಸ್ಥಾನದ ತಾಳಮದ್ದಳೆಯಲ್ಲಿ. ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ ಅದು; ಪಾತ್ರವಾಗಿ ಆಡುವ ಆ ಮಾತಿಗೆ ‘ಅರ್ಥ’ ಅನ್ನುತ್ತೇವೆ. ಬೇಸಗೆಯ ಕೊನೆಗೆ, ಪತ್ತನಾಜೆಯ ದಿನ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲವಿಡೀ ನಮ್ಮಲ್ಲಿ ಕೂಟಗಳು ನಡೆಯುತ್ತವಲ್ಲ, ಅಂಥದ್ದೊಂದರಲ್ಲಿ. ಅವತ್ತು ವಾಲಿವಧೆ. ಬಾಣ ತಾಗಿ ಬಿದ್ದ ವಾಲಿ ಕೇಳುತ್ತಾನೆ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ. ರಾಮನ ಅರ್ಥ ಹೇಳಿದವರು ಒಳ್ಳೆಯ ಮಾತುಗಾರರು, ಜನ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಸಮಾಧಾನವಾಗಿರಲಿಲ್ಲ. ಹೊರಗೆ ಜಗಲಿಯಲ್ಲಿ ಕೊಡೆ ಹುಡುಕುತ್ತಿದ್ದಾಗ ಪರಿಚಯವೇ ಇಲ್ಲದ ಈ ಮನುಷ್ಯ ನನ್ನ ಕಡೆ ತಿರುಗಿ, ‘ವಾಲಿಗೆ ಉತ್ತರ ಸಿಕ್ಲಿಲ್ಲ, ಅಲ್ವಾ ಮಗಾ?’ ಅಂದರು.

ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿ ಬೆಳೆದವರು ಮಾಷ್ಟ್ರು. ಅವತ್ತು ಟಾರ್ಚಿನ ಬೆಳಕಿನಲ್ಲಿ ಅವರ ಮನೆ ಗೇಟಿನವರೆಗೆ ಮಾತಾಡುತ್ತಾ ನಡೆದೆವು. ಅವರು ವಾಲಿಯ ಕಡೆ, ನಾನು ಅವನ ಹೆಂಡತಿ ತಾರೆಯ ಕಡೆ. ಗೇಟಿನ ಹತ್ತಿರ ಮುಕ್ಕಾಲು ಗಂಟೆ ನಿಂತೆವು. ಮಾಷ್ಟ್ರ ಹೆಂಡತಿ ಟೀಚರಮ್ಮ ಒಳಗಿಂದ ಎರಡು ಸಲ ಕರೆದರು, ಮೂರನೇ ಸಲ ಕರೆಯದೆ ಎರಡು ಲೋಟ ಚಾ ತಂದು ಗೇಟಿನ ಕಂಬದ ಮೇಲಿಟ್ಟು ಹೋದರು.

ಸಮಾನಮನಸ್ಕರು ಅನ್ನುವ ದೊಡ್ಡ ಶಬ್ದ ಕೇಳಿದಾಗ ನನಗೆ ಆ ಕಂಬ ನೆನಪಾಗುತ್ತದೆ. ನಮ್ಮಿಬ್ಬರ ಮನಸ್ಸು ಒಂದೇ ಅಲ್ಲ, ಒಂದೇ ಕಡೆ ಸಿಕ್ಕಿಹಾಕಿಕೊಂಡದ್ದು. ಇಬ್ಬರು ರಾಮಂದಿರನ್ನು ಎದುರುಬದುರು ಕೂರಿಸಿದರೆ ಅರ್ಥ ಹುಟ್ಟುವುದು ಹೇಗೆ? ವಾಲಿ ಬೇಕು. ಆ ವಾಲಿಗೂ ಅದೇ ಪ್ರಶ್ನೆ ಸುಡುತ್ತಿರಬೇಕು.

ಬೆಂಗಳೂರಿನವರ ಮೇಲೆ ಈಗ ನನಗೆ ಸಿಟ್ಟಿಲ್ಲ. ಅವರಿಗೂ ಅವರವರ ಮಾಷ್ಟ್ರು ಸಿಗಲಿ. ಭಾವನಿಗೂ ಹೇಳುತ್ತೇನೆ, ನನ್ನ ಬಗ್ಗೆ ಚಿಂತೆ ಬೇಡ. ಹಳ್ಳಿಯಲ್ಲಿ ಯಾರು ಸಿಗುತ್ತಾರೆ ಅಂತ ದಯವಿಟ್ಟು ಇನ್ನೊಮ್ಮೆ ಕೇಳಬೇಡಿ.

ಮಾಷ್ಟ್ರಿಗೆ ಈ ವರ್ಷ ಮೊಣಕಾಲು ನೋವು. ರಾತ್ರಿ ನಡೆಯಲು ಆಗುವುದಿಲ್ಲ. ಆಟೋದವನ ಹತ್ತಿರ ಮಾತಾಡಿ ಇಟ್ಟಿದ್ದೇನೆ, ಕೂಟ ಮುಗಿದ ಮೇಲೆ ಬಂದರೆ ಸಾಕು ಅಂತ. ಗೇಟಿನ ಹತ್ತಿರ ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ ಅಂತಲೂ ಮೊದಲೇ ಹೇಳಿದ್ದೇನೆ.