ಕುಚ್ಚು ಕಟ್ಟಿದ ಕೈಯ ಲೆಕ್ಕ

ಮೈಸೂರಿನಲ್ಲಿ ಆಷಾಢವೆಂದರೆ ಮದುವೆ, ಗೃಹಪ್ರವೇಶಗಳಿಗೆ ಬಿಡುವು, ಸೀರೆ ಅಂಗಡಿಗಳಿಗೆ ಮಾತ್ರ ಬಿಡುವಿಲ್ಲದ ತಿಂಗಳು. ಮುಹೂರ್ತಗಳಿಲ್ಲವೆಂದು ವ್ಯಾಪಾರ ಬೀಳಬಾರದೆಂಬ ಕಾರಣಕ್ಕೆ ಅಂಗಡಿಯವರು ರಿಯಾಯಿತಿಯ ಫಲಕ ತೂಗುಹಾಕುತ್ತಾರೆ. ಆ ಫಲಕಕ್ಕಾಗಿಯೇ ಕಾದಿದ್ದ ಹೆಂಗಸರು, ಶುಕ್ರವಾರ ಚಾಮುಂಡಿ ಬೆಟ್ಟ ಹತ್ತಿ ಇಳಿದವರು, ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಬೇಕಾದ ಸೀರೆಯನ್ನು ಈ ತಿಂಗಳಲ್ಲೇ ಕೊಂಡಿಡುತ್ತಾರೆ. ಕೊಂಡ ಸೀರೆ ಉಡುವಂತಾಗಬೇಕಾದರೆ ಫಾಲ್ ಹಚ್ಚಬೇಕು, ಜಿಗ್‌ಜಾಗ್ ಹೊಡೆಸಬೇಕು, ರವಿಕೆ ಹೊಲಿಸಬೇಕು, ಸೆರಗಿಗೆ ಕುಚ್ಚು ಕಟ್ಟಿಸಬೇಕು. ಈ ಕೊನೆಯ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮನೆಯಲ್ಲೇ ಮಾಡುತ್ತಿದ್ದೇನೆ. ಕಲಿಸಿದವರು ನನ್ನ ಓರಗಿತ್ತಿ. ಮನೆಯವರ ಸಂಬಳ ಬಾಡಿಗೆಗೆ, ಮಕ್ಕಳ ಫೀಸಿಗೆ, ದಿನಸಿಗೆ ಸರಿಹೋಗುತ್ತದೆ. ಅದರಾಚೆಗಿನ ಖರ್ಚಿಗೆ ಈ ಕುಚ್ಚಿನ ದುಡ್ಡು.

ಕಳೆದ ಆಷಾಢದ ಕೊನೆಯ ವಾರದ ಒಂದು ಶನಿವಾರ ನನ್ನ ಕೈಯಲ್ಲಿ ಮೂರು ಬಗೆಯ ಕೆಲಸ ಒಟ್ಟಿಗೇ ಬಂದು ಕುಳಿತಿತ್ತು. ಪಕ್ಕದ ಬಡಾವಣೆಯ ಅಂಗಡಿಯೊಂದು ಕೊಟ್ಟು ಕಳಿಸಿದ ಸಾದಾ ಕುಚ್ಚಿನ ಸೀರೆಗಳು, ನಮ್ಮ ಬೀದಿಯವರೇ ನೇರವಾಗಿ ತಂದುಕೊಟ್ಟ ಸಾದಾ ಕುಚ್ಚಿನ ಸೀರೆಗಳು, ಜೊತೆಗೆ ಮಣಿ ಪೋಣಿಸಿ ಕ್ರೋಶಾ ಹೆಣೆಯಬೇಕಾದ ಒಂದು ಕಂಚಿ ರೇಷ್ಮೆ. ಮಗಳು ಗಣಿತದ ಮನೆಪಾಠಕ್ಕೆಂದು ಗಂಟೆಗಳ ಲೆಕ್ಕ ಬರೆಯುತ್ತಿದ್ದಳು. ಅವಳ ಹಳೆಯ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾನೂ ಯಾವ ಸೀರೆಗೆ ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡತೊಡಗಿದೆ. ದಾರದ ಖರ್ಚನ್ನು ಮೊದಲಿನಿಂದಲೂ ಬರೆಯುತ್ತಿದ್ದೆ. ಹೊತ್ತನ್ನು ಬರೆದದ್ದು ಅದೇ ಮೊದಲು.

ಸಾದಾ ಕುಚ್ಚು ನೋಡುವವರಿಗೆ ಸುಲಭದ ಕೆಲಸ. ನೇಕಾರರು ಸೆರಗಿನ ತುದಿಯಲ್ಲಿ ಬಿಟ್ಟ ಹಾಸಿನ ಎಳೆಗಳನ್ನು ಕತ್ತರಿಸಿ, ಅಂಚನ್ನು ಸಣ್ಣದಾಗಿ ಮಡಿಸಿ ಹೊಲಿದು, ಸೆರಗನ್ನು ದಿಂಬಿನ ಮೇಲೆ ಬಿಗಿಯಾಗಿ ಹರಡಿ ಗುಂಡುಸೂಜಿ ಚುಚ್ಚಿ ನಿಲ್ಲಿಸಬೇಕು. ಸೀರೆಯ ಮೈಬಣ್ಣದ ದಾರ, ಅಂಚಿನ ಬಣ್ಣದ ದಾರ ಎರಡನ್ನೂ ರಟ್ಟಿನ ತುಂಡಿಗೆ ಸುತ್ತಿ, ಒಂದು ಬದಿಯಲ್ಲಿ ಕತ್ತರಿಸಿದರೆ ಒಂದೇ ಉದ್ದದ ಎಳೆಗಳ ಕಟ್ಟು ಸಿಗುತ್ತದೆ. ಬೆರಳಗಲಕ್ಕೊಂದರಂತೆ ಆ ಕಟ್ಟನ್ನು ಸೂಜಿಯಲ್ಲಿ ಅಂಚಿನೊಳಗೆ ತೂರಿಸಿ, ಎರಡು ಮಡಿಕೆ ಮಾಡಿ, ಕುತ್ತಿಗೆಗೆ ಜರಿ ದಾರ ಸುತ್ತಿ ಗಂಟು ಹಾಕಬೇಕು. ಗಂಟು ಸಡಿಲವಾದರೆ ಒಂದೇ ಸಲ ಉಡುವಷ್ಟರಲ್ಲಿ ಕುಚ್ಚು ಉದುರುತ್ತದೆ. ಬಿಗಿ ಹೆಚ್ಚಾದರೆ ಸೆರಗಿನ ಅಂಚು ಸುಕ್ಕುಗಟ್ಟುತ್ತದೆ. ಕೊನೆಗೆ ಕುದಿಯುವ ನೀರಿನ ಹಬೆಗೆ ಹಿಡಿದು ಎಳೆಗಳನ್ನು ನೇರ ಮಾಡಿ, ಅಡಿಪಟ್ಟಿ ಇಟ್ಟು ತುದಿ ಸಮ ಮಾಡುತ್ತೇನೆ. ಇಷ್ಟಕ್ಕೆ ಎರಡು ಗಂಟೆ ಹಿಡಿಯುತ್ತದೆ.

ಸಂಜೆ ಪುಸ್ತಕ ತೆರೆದು ಕೂಡಿ ಕಳೆದಾಗ ಸಿಕ್ಕ ಲೆಕ್ಕ ನನ್ನ ಎಣಿಕೆಯನ್ನೇ ತಲೆಕೆಳಗು ಮಾಡಿತು. ಅಂಗಡಿಯವರು ಒಂದು ಸಾದಾ ಕುಚ್ಚಿಗೆ ನನಗೆ ಕೊಡುತ್ತಿದ್ದದ್ದು 100 ರೂಪಾಯಿ, ದಾರ ನನ್ನದೇ. 25 ರೂಪಾಯಿಯ ದಾರ ಕಳೆದರೆ ಎರಡು ಗಂಟೆಗೆ 75, ಅಂದರೆ ಗಂಟೆಗೆ 40 ರೂಪಾಯಿಯೂ ಇಲ್ಲ. ಅದೇ ಕುಚ್ಚಿಗೆ ಬೀದಿಯವರಿಂದ ನೇರವಾಗಿ 200 ಬಂದರೆ ಗಂಟೆಗೆ 87 ದಾಟುತ್ತದೆ. ಎಲ್ಲಕ್ಕಿಂತ ದೊಡ್ಡ ಸಂಪಾದನೆಯೆಂದು ನಾನು ನಂಬಿದ್ದ ಕ್ರೋಶಾ ಕುಚ್ಚಿಗೆ 600 ರೂಪಾಯಿ. ಮಣಿ, ದಾರಕ್ಕೆ 110 ಕಳೆದರೆ 490. ಆದರೆ ಅದು ತಿಂದದ್ದು ಪೂರಾ ಎಂಟು ಗಂಟೆ, ಜೊತೆಗೆ ಕತ್ತು ನೋವು. ಗಂಟೆಗೆ 61 ರೂಪಾಯಿ. ಒಂದೇ ಬಾರಿಗೆ ಐನೂರರ ನೋಟು ಕೈಗೆ ಬರುವುದರಿಂದ ಕ್ರೋಶಾ ಲಾಭದ ಕೆಲಸದಂತೆ ತೋರುತ್ತದೆ, ಅಷ್ಟೆ.

ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಎದುರು ಮನೆಯ ಅಕ್ಕ ಇನ್ನೆರಡು ಸೀರೆ ಹಿಡಿದು ಬಂದರು.

“ಹಬ್ಬದೊಳಗೆ ಕೊಟ್ಬಿಡಮ್ಮ. ಎರಡೂ ಸೇರಿಸಿ ಇನ್ನೂರೈವತ್ತು ಮಾಡ್ಕೊ. ಹೆಂಗಿದ್ರೂ ಮನೇಲೇ ಇರ್ತೀಯಲ್ಲ.”

“ಮನೇಲೇ ಇರ್ತೀನಿ ಅಕ್ಕ, ಸುಮ್ಮನೆ ಇರಲ್ಲ,” ಎಂದು ಪುಸ್ತಕದ ಹಾಳೆ ತೋರಿಸಿದೆ. ಅವರು ಅಂಗನವಾಡಿಯಲ್ಲಿ ಕೆಲಸ ಮಾಡಿದವರು. ದಾಖಲೆ ಪುಸ್ತಕ ಬರೆದು ಅಭ್ಯಾಸವಿದ್ದ ಕಣ್ಣಿಗೆ ಲೆಕ್ಕ ಬೇಗ ತಿಳಿಯಿತು. “ಅಂಗಡಿಯವರಿಗೆ ನೂರು ರೂಪಾಯಿಗೆ ಯಾಕೆ ಕಟ್ಕೊಡ್ತೀಯ ಮತ್ತೆ?” ಎಂದು ನನ್ನನ್ನೇ ಕೇಳಿದರು. ಎರಡು ಸೀರೆಗೆ 400 ಎಂದು ಒಪ್ಪಿ ಹೋದರು.

‘ಹೇಗಿದ್ದರೂ ಮನೆಯಲ್ಲೇ ಇರುತ್ತೀರಿ’ ಎಂಬ ಮಾತು ಹಪ್ಪಳ ಒತ್ತುವವರಿಗೂ, ಹೂ ಕಟ್ಟುವವರಿಗೂ, ಮನೆಯಲ್ಲೇ ಚಕ್ಕುಲಿ ಕರಿದು ಮಾರುವವರಿಗೂ ತಪ್ಪಿದ್ದಲ್ಲ. ಕೊಳ್ಳುವವರು ದಾರಕ್ಕೆ, ಹಿಟ್ಟಿಗೆ, ಎಣ್ಣೆಗೆ ಬೆಲೆ ಕಟ್ಟಲು ತಕರಾರು ಮಾಡುವುದಿಲ್ಲ. ಕೈಗೆ ಬೆಲೆ ಕಟ್ಟುವಾಗ ಮಾತ್ರ ನೆಂಟಸ್ತಿಕೆ ನೆನಪಾಗುತ್ತದೆ.

ಗಂಟೆಗೆ ಇಷ್ಟು ಎಂಬ ಅಂಕಿ ಕೈಗೆ ಸಿಕ್ಕಮೇಲೆ ನನ್ನ ಗಮನ ಉಳಿತಾಯದ ಕಡೆಗೂ ಹೊರಳಿತು. ಅತ್ತೆಯವರಿಗೆ ಬಿಪಿ, ಸಕ್ಕರೆ ಕಾಯಿಲೆ ಎರಡೂ ಇವೆ. ಪ್ರತಿ ತಿಂಗಳ ಮಾತ್ರೆಗೆ 800 ರೂಪಾಯಿಯ ಆಸುಪಾಸು ಹೋಗುತ್ತಿತ್ತು. ಡಾಕ್ಟರ ಬಳಿ ಹೋಗಿ, ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರು ಮತ್ತು ಪ್ರಮಾಣ ಬರೆದುಕೊಡಿ ಎಂದು ಕೇಳಿ, ಬದಲಾಯಿಸಬಹುದೆಂದು ಅವರಿಂದ ಖಾತರಿ ಮಾಡಿಕೊಂಡು, ಕಡಿಮೆ ಬೆಲೆಗೆ ಔಷಧ ಮಾರುವ ಸರ್ಕಾರಿ ಯೋಜನೆಯ ಜನೌಷಧಿ ಕೇಂದ್ರದಲ್ಲಿ ಅವೇ ಔಷಧಗಳನ್ನು ತಂದೆ. ಬಿಲ್ಲು 300ಕ್ಕಿಂತ ಒಳಗೇ ಬಂತು. ತಿಂಗಳಿಗೆ 500 ರೂಪಾಯಿ, ಅಂದರೆ ಒಂದು ಕ್ರೋಶಾ ಸೀರೆಯ ಸಂಪಾದನೆ, ಒಂದು ಬೆಳಗಿನ ಓಡಾಟದಿಂದ ಪ್ರತಿ ತಿಂಗಳೂ ಉಳಿಯುವಂತಾಯಿತು. ಅತ್ತೆಯವರಿಗೆ ಮಾತ್ರೆಯ ಬಣ್ಣ ಬದಲಾದದ್ದು ಮೊದಮೊದಲು ಸರಿಬರಲಿಲ್ಲ. ಮುಂದಿನ ತಪಾಸಣೆಯಲ್ಲಿ ಬಿಪಿ ಮೊದಲಿನಷ್ಟೇ ಇದೆಯೆಂದು ಡಾಕ್ಟರು ಹೇಳಿದ ಮೇಲೆ ಸುಮ್ಮನಾದರು.

ದಾರದ ಖರ್ಚಿನಲ್ಲೂ ಉಳಿಸುವ ದಾರಿಯಿತ್ತು. ಬಡಾವಣೆಯ ಫ್ಯಾನ್ಸಿ ಸ್ಟೋರಿನಲ್ಲಿ ಬಿಡಿಯಾಗಿ ಕೊಳ್ಳುವ ರೀಲಿಗೂ ಸಂತೇಪೇಟೆಯಲ್ಲಿ ಡಬ್ಬಿಗಟ್ಟಲೆ ಕೊಳ್ಳುವುದಕ್ಕೂ ಬೆಲೆಯಲ್ಲಿ ಬಹಳ ಅಂತರವಿದೆ. ಮೊದಲು ಅಲ್ಲಿಗೆ ಹೋಗಿಬರುವ ಬಸ್ ಚಾರ್ಜು ಆ ಅಂತರವನ್ನು ಅಷ್ಟಿಷ್ಟು ನುಂಗುತ್ತಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳು ಉಚಿತವಾದ ಮೇಲೆ ಆ ಚಿಂತೆ ಹೋಯಿತು. ಆದರೆ ಸಗಟಿನಲ್ಲಿ ಸಿಗುತ್ತದೆಂದು ಯಾರೂ ಕೇಳದ ಬಣ್ಣಗಳನ್ನು ತಂದು ತುಂಬಿಸಿಕೊಳ್ಳುವುದು ಉಳಿತಾಯವಲ್ಲ. ಮರೂನ್, ಬಾಟಲ್ ಗ್ರೀನ್, ಅರಿಶಿನ, ನೇರಳೆ, ಜರಿ ಇಷ್ಟಿದ್ದರೆ ಹಬ್ಬದ ಸೀರೆಗಳಲ್ಲಿ ಬಹುಪಾಲು ನಡೆಯುತ್ತದೆ.

ಉಳಿದ ದುಡ್ಡು ನಿಲ್ಲುವುದು ಇನ್ನೊಂದು ಕಷ್ಟ. ಫೋನ್‌ಪೇಗೆ ಬಂದ ಹಣ ಸೊಪ್ಪಿನವರಿಗೆ, ಹಾಲಿನವರಿಗೆ ಹೋಗಿ ವಾರದಲ್ಲಿ ಕರಗುತ್ತದೆ. ಮಾತ್ರೆಯಲ್ಲಿ ಉಳಿದ 500 ಎಲ್ಲಿ ಉಳಿಯಿತೆಂದು ಹುಡುಕಿದರೂ ಕಾಣುವುದಿಲ್ಲ. ಎದುರು ಮನೆಯ ಅಕ್ಕ ತಮ್ಮ ಚೀಟಿಗೆ ಸೇರಿಕೊಳ್ಳೆಂದು ಕರೆದರು. ಅವರ ಮೇಲೆ ಅನುಮಾನವಿಲ್ಲ. ಆದರೆ ನೋಂದಣಿಯಿಲ್ಲದ ಚೀಟಿಯಲ್ಲಿ ಮೊದಲೇ ಕೂಗಿ ಹಣ ಎತ್ತಿಕೊಂಡವರು ಕಂತು ನಿಲ್ಲಿಸಿದರೆ ಕೇಳುವುದಕ್ಕೆ ದಾಖಲೆಯೇ ಇರುವುದಿಲ್ಲ. ನಾನು ಅಂಚೆ ಕಚೇರಿಯಲ್ಲಿ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ, ಮಾಡಿಸಿದೆ. ತಿಂಗಳಿಗೆ 100 ರೂಪಾಯಿಯಿಂದಲೂ ಅದನ್ನು ತೆರೆಯಬಹುದು, ಅವಧಿ ಐದು ವರ್ಷ. ನಾನು ತೆರೆದಾಗಿನ ಬಡ್ಡಿ ಶೇಕಡಾ 6.7, ತಿಂಗಳಿಗೆ 500ರಂತೆ ಒಟ್ಟು 30,000 ಕಟ್ಟಿದರೆ ಕೊನೆಗೆ 35,600ಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಬಡ್ಡಿ ದೊಡ್ಡದೇನಲ್ಲ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ ಬೀಳುವುದರಿಂದ ತಿಂಗಳು ಮುಗಿಯುವ ಮೊದಲು ಕಟ್ಟಬೇಕೆಂಬ ಒತ್ತಾಯವಿರುತ್ತದೆ, ನನ್ನಂಥವಳಿಗೆ ಅದೇ ಮುಖ್ಯ.

ಅಂಗಡಿಯವರಿಗೆ ಒಂದು ಕುಚ್ಚಿಗೆ 150 ಕೊಡಿ, ಇಲ್ಲವೇ ದಾರ ನೀವೇ ಕೊಟ್ಟು 125 ಕೊಡಿ ಎಂದು ಹೇಳಿದೆ. ಮೊದಲು ಆಗುವುದಿಲ್ಲವೆಂದರು, ಹಬ್ಬಕ್ಕೆ ಹತ್ತು ದಿನ ಇರುವಾಗ ಎರಡನೆಯದಕ್ಕೆ ಒಪ್ಪಿ ಸೀರೆಗಳನ್ನು ಕಳಿಸಿದರು. ಬೀದಿಯ ಕೆಲಸ ಇಲ್ಲದ ಹೊತ್ತಿನಲ್ಲಿ ಮಾತ್ರ ಅವರದನ್ನು ಹಿಡಿಯುತ್ತೇನೆ. ಕ್ರೋಶಾಕ್ಕೆ ಈಗ 850 ಹೇಳುತ್ತೇನೆ. ಕೇಳಿದವರಲ್ಲಿ ಅರ್ಧದಷ್ಟು ಜನ ಬೇರೆ ಕಡೆ ಹೋಗುತ್ತಾರೆ, ಉಳಿದವರು ಕೊಡುತ್ತಾರೆ. ವರಮಹಾಲಕ್ಷ್ಮಿಯ ವಾರದಲ್ಲಿ ತಂದರೆ ಸಾದಾ ಕುಚ್ಚಿಗೂ 50 ರೂಪಾಯಿ ಹೆಚ್ಚು ಎಂದು ಈ ವರ್ಷ ಆಷಾಢ ಹಿಡಿಯುವ ಮೊದಲೇ ಎಲ್ಲರಿಗೂ ತಿಳಿಸಿಬಿಟ್ಟೆ. ಆದ್ದರಿಂದ ಎದುರು ಮನೆಯ ಅಕ್ಕ ಸೀರೆ ಕೊಂಡ ಮರುದಿನವೇ ತಂದುಕೊಟ್ಟಿದ್ದಾರೆ.