ಮೊನೆ ನೀಲಿಯಾದ ಮಧ್ಯಾಹ್ನ

ಪೀಣ್ಯದ ಒಂದು ಟೂಲ್ ರೂಮಿನಲ್ಲಿ 14 ವರ್ಷದಿಂದ ಗ್ರೈಂಡಿಂಗ್ ಮಾಡುತ್ತಿದ್ದೇನೆ. ಸ್ಟೀಲ್ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಿಲ್ಲ ಅನ್ನೋ ಕೊಬ್ಬು ಸ್ವಲ್ಪ ಇತ್ತು. ಅದನ್ನು ಇಳಿಸಿದ್ದು ಒಂದು ಹಳೇ ಬೇಟೆ ಚಾಕು.

ಓನರ್ ಸ್ನೇಹಿತರೊಬ್ಬರು ಕೊಡಗಿನವರು. ಎರಡು ಚಾಕು ತಂದಿದ್ದರು. ಒಂದು ಮಗ ತರಿಸಿಕೊಂಡ ಹೊಸ ಡಿ2 ಸ್ಟೀಲಿನ ಚಾಕು. ಇನ್ನೊಂದು ಅವರ ಅಜ್ಜನದು. ಅಲಗಿನ ಮೇಲೆ ಅರ್ಧ ಅಳಿಸಿದ ಶೆಫೀಲ್ಡ್ ಮುದ್ರೆ, ಚರ್ಮದ ಒರೆ. ಬೇಟೆ ನಿಂತು ಎಷ್ಟೋ ವರ್ಷವಾಯಿತು, ಈಗ ಮನೆಯಲ್ಲಿ ಹಂದಿ ಮಾಂಸ ಹೆಚ್ಚೋದಕ್ಕೆ ಅಷ್ಟೇ. "ಹತ್ತು ನಿಮಿಷದ ಕೆಲಸ, ಊಟಕ್ಕೆ ಮುಂಚೆ ಮುಗಿಸು" ಅಂದರು ಓನರ್. ಜಾಬ್ ಕಾರ್ಡ್ ಇಲ್ಲ, ದುಡ್ಡಂತೂ ಇಲ್ಲವೇ ಇಲ್ಲ.

ಡಿ2ಗೆ ತುಂಬಾ ಮರ್ಯಾದೆ ಕೊಟ್ಟೆ. ದಿನಾ ತಗಡು ಕತ್ತರಿಸೋ ಪಂಚ್, ಡೈ ಮಾಡೋ ಸ್ಟೀಲೇ ಅದು. ಗಡಸುತನ 60 ರಾಕ್‌ವೆಲ್, 12 ಪರ್ಸೆಂಟ್ ಕ್ರೋಮಿಯಂ. ಮಾಮೂಲಿ ಸಾಣೆಕಲ್ಲಿಗೆ ಬೇಗ ಬಗ್ಗಲ್ಲ. ಡೈಮಂಡ್ ಪ್ಲೇಟಿಗೆ ನೀರು ಬಿಟ್ಟುಕೊಂಡು, ಒಂದೊಂದು ಮಗ್ಗುಲಿಗೂ 20 ಡಿಗ್ರಿ ಹಿಡಿದು, ಕೈಯಲ್ಲೇ ಮಸೆದೆ. ಬರ್, ಅಂದರೆ ಅಂಚಿನಾಚೆ ಏಳೋ ತೆಳು ಲೋಹದ ಸಿಬಿರು, ಎದ್ದಿದೆಯಾ ಅಂತ ಉಗುರಿಗೆ ತಾಗಿಸಿ ನೋಡಿ, ಕೊನೆಗೆ ಹಳೇ ಬೆಲ್ಟಿನ ಚರ್ಮಕ್ಕೆ ಎಳೆದೆ. ಮುಂಗೈ ಕೂದಲು ಸಲೀಸಾಗಿ ಹೋಯಿತು. ಅಷ್ಟಕ್ಕೇ ಮುಕ್ಕಾಲು ಗಂಟೆ.

ಹಳೇದರ ಮೊನೆ ಹತ್ತಿರ ಎರಡು ಮುಕ್ಕು. "ಮೆತ್ತನೆ ಸ್ಟೀಲು, ಇದಕ್ಕೇನು ಪೂಜೆ" ಅಂದುಕೊಂಡು ಬೆಂಚ್ ಗ್ರೈಂಡರ್‌ಗೆ ಕೊಟ್ಟೆ. ಮೆತ್ತಗಿದ್ದಿದ್ದರೆ ಅಂಚು ಮಡಚುತ್ತಿತ್ತು, ಮುಕ್ಕಾಗುತ್ತಿರಲಿಲ್ಲ, ಅಲ್ವಾ? ಅದು ತಲೆಗೇ ಹೋಗಲಿಲ್ಲ.

ಕಿಡಿ ನೋಡಿಯಾದರೂ ಗೊತ್ತಾಗಬೇಕಿತ್ತು. ಎಚ್‌ಎಸ್‌ಎಸ್ ಅಂದರೆ ಲೇತಿನಲ್ಲಿ ಲೋಹ ಕತ್ತರಿಸೋ ಟೂಲ್ ಬಿಟ್ ಮಾಡೋ ಹೈ ಸ್ಪೀಡ್ ಸ್ಟೀಲ್. ಅದಾದರೆ ಮಂಕು ಕೆಂಪು ಗೆರೆ. ಇದು ಸುರುಸುರು ಬತ್ತಿ ಥರ ಚುಕ್ಕಿಚುಕ್ಕಿಯಾಗಿ ಒಡೆಯುತ್ತಿತ್ತು. ಅಂದರೆ ಹೈ ಕಾರ್ಬನ್ ಸ್ಟೀಲ್. ನೋಡಿದೆ. ನೋಡಿಯೂ ಒತ್ತಿದೆ. ಟೂಲ್ ಬಿಟ್ ಉಜ್ಜಿ ಉಜ್ಜಿ ಬಂದ ಚಾಳಿ ಅದು. ಎಚ್‌ಎಸ್‌ಎಸ್ ಹದ ಮಾಡೋದು, ಅಂದರೆ ಗಡಸು ಮಾಡಿದ ಮೇಲೆ ಮತ್ತೆ ಕಾಯಿಸೋದು, 550 ಡಿಗ್ರಿಯಲ್ಲಿ, ನೀಲಿಯಾದರೂ ಜಗ್ಗಲ್ಲ. ಈ ಅಜ್ಜನ ಚಾಕುವಿನ ಹದ 200ರ ಆಸುಪಾಸು, ಅದಕ್ಕಿಂತ ಹೆಚ್ಚು ಕಾದರೆ ಮೆತ್ತಗಾಗುತ್ತೆ.

ಕಾವು ಏರುತ್ತಾ ಅಲಗಿಗೆ ಮೊದಲು ಒಣಹುಲ್ಲಿನ ಬಣ್ಣ. ಎತ್ತುವಷ್ಟರಲ್ಲಿ ಕಂದು, ನೇರಳೆ. ನೀರಿಗೆ ಕೈ ಚಾಚಿದರೆ ನೀರೇ ಇಲ್ಲ. ಅಲ್ಲೊಂದು ಡಬ್ಬ ಇಡಿಸಿ ಅಂತ ಎರಡು ವರ್ಷದಿಂದ ಬಡಕೊಳ್ಳುತ್ತಿದ್ದೇನೆ. ನಾನು ನೋಡನೋಡುತ್ತಲೇ ಮೊನೆ ನೀಲಿಯಾಯಿತು. ಆಮೇಲೆ ನೀರು ಸಿಕ್ಕಿದ್ದರೂ ಅಷ್ಟೇ, ಆ ಬಣ್ಣ ಬಂತೆಂದರೆ ಹದ ಹೋದ ಹಾಗೇ.

ಬಫ್ ಹೊಡೆದು ನೀಲಿ ಅಳಿಸಿಬಿಡೋಣ ಅನ್ನಿಸಿತು. ಸುಳ್ಳು ಹೇಳಲ್ಲ, ಬಫಿಂಗ್ ವ್ಹೀಲ್ ಆನ್ ಕೂಡ ಮಾಡಿದ್ದೆ. ಆಫ್ ಮಾಡಿ ಅರ ತಂದು ಎಳೆದು ನೋಡಿದೆ. ಹಿಡಿ ಹತ್ತಿರ ಜಾರಿದ ಅರ ಮೊನೆಯಲ್ಲಿ ಕಚ್ಚಿತು, ಅಂದರೆ ಮೊನೆ ಮೆತ್ತಗಾಗಿತ್ತು.

ಊಟ ಬಿಟ್ಟು ಕೂತೆ. ನೀಲಿಯಾದಷ್ಟನ್ನೂ ಎಣ್ಣೆಕಲ್ಲಿನ ಮೇಲೆ ಉಜ್ಜಿ ತೆಗೆದು, ಮೊನೆ ಮತ್ತೆ ತಿದ್ದಿದೆ. ಮೂರು ಗಂಟೆ ಹಿಡಿಯಿತು. 6 ಮಿಲಿಮೀಟರ್ ಹೋಯಿತು.

ಚಾಕು ತಂದವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಚಾಕುವನ್ನು ಒರೆಗೆ ಹಾಕಿ ಅಲ್ಲಾಡಿಸಿ ನೋಡಿದರು. "ನಮ್ಮಜ್ಜನೂ ಮಸೆದು ಮಸೆದು ಇಷ್ಟೇ ಸವೆಸಿದ್ದರು. ಅವರಿಗೆ 40 ವರ್ಷ ಬೇಕಾಯ್ತು" ಅಂದರು. ತಮಾಷೆಗೆ ಅಂದರೋ ಏನೋ, ಮುಖ ನೋಡುವ ಧೈರ್ಯ ಆಗಲಿಲ್ಲ.

ಈಗ ಗ್ರೈಂಡರ್ ಪಕ್ಕ ಮನೆಯಿಂದ ತಂದ ಪ್ಲಾಸ್ಟಿಕ್ ಮಗ್ಗು ಇಟ್ಟಿದ್ದೇನೆ. "ಬಾತ್‌ರೂಮ್ ಮಗ್ಗು ಇಲ್ಲಿ ಯಾಕಪ್ಪಾ?" ಅಂತ ಓನರ್ ನಿನ್ನೆ ಕೇಳಿದರು.