ಮಂಜೂರಾದ ವಿದ್ಯಾರ್ಥಿವೇತನ ಕೈಗೆ ಬರುವವರೆಗೆ

ಹೋಬಳಿ ಊರೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಬೋಧಿಸುತ್ತೇನೆ. ವಿದ್ಯಾರ್ಥಿವೇತನದ ಉಸ್ತುವಾರಿಯೂ ನನ್ನದೇ. ಸೂಚನಾ ಫಲಕದಲ್ಲಿ ಕೊನೆಯ ದಿನಾಂಕ ಹಾಕಿ, ಮಕ್ಕಳು ತಂದ ದಾಖಲೆಗಳನ್ನು ಪರಿಶೀಲಿಸಿ ಇ-ದೃಢೀಕರಣ ಮಾಡಿಕೊಟ್ಟರೆ ನನ್ನ ಹೊಣೆ ಮುಗಿಯಿತೆಂದು ಮೊದಲ ವರ್ಷ ನಂಬಿದ್ದೆ.

ಆ ವರ್ಷ ಅಂತಿಮ ಬಿ.ಎ. ವಿದ್ಯಾರ್ಥಿನಿಯೊಬ್ಬಳು, ಅರ್ಜಿ ಮಂಜೂರಾಗಿ ತಿಂಗಳುಗಳು ಕಳೆದರೂ ಹಣ ಬಂದಿಲ್ಲವೆಂದು ನನ್ನ ಬಳಿ ಬಂದಳು. ‘ಬ್ಯಾಂಕಿನಲ್ಲಿ ವಿಚಾರಿಸಮ್ಮ’ ಎಂದು ಕಳುಹಿಸಿದೆ. ಬ್ಯಾಂಕಿನವರು ಕಾಲೇಜಿನಲ್ಲೇ ಕೇಳಬೇಕೆಂದರು. ಹೀಗೆ ಎರಡು ಬಾರಿ ಅಲೆದವಳು ಮೂರನೆಯ ಬಾರಿ ಬರಲಿಲ್ಲ. ಪರೀಕ್ಷಾ ಶುಲ್ಕಕ್ಕಾಗಿ ಅವಳ ತಾಯಿ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಪಡೆದರೆಂಬುದು ಆಮೇಲೆ ತಿಳಿಯಿತು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಅವಳನ್ನು ಕರೆಸಿ ಜೊತೆಯಲ್ಲಿ ಕುಳಿತು ನೋಡಿದಾಗ ವಿಷಯ ತಿಳಿಯಿತು. ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಒಂದಕ್ಕಿಂತ ಹೆಚ್ಚು ಖಾತೆಗಳಿದ್ದರೆ, ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ದಾಖಲೆಯಲ್ಲಿ ಆಧಾರ್ ಜೊತೆ ಕೊನೆಯದಾಗಿ ಸೇರಿದ ಬ್ಯಾಂಕಿಗೆ. ಹೊಸ ಸಿಮ್ ಕೊಳ್ಳುವಾಗ ಬೆರಳಚ್ಚು ಕೊಟ್ಟಿದ್ದ ಅವಳಿಗೆ, ಅದರಿಂದಲೇ ತನ್ನ ಹೆಸರಿನಲ್ಲಿ ಮೊಬೈಲ್ ಕಂಪನಿಯ ಪೇಮೆಂಟ್ಸ್ ಬ್ಯಾಂಕಿನ ಖಾತೆಯೊಂದು ತೆರೆದಿದೆ ಎಂಬುದೇ ಗೊತ್ತಿರಲಿಲ್ಲ. ಪೂರ್ತಿ ಹಣ ಅಲ್ಲೇ ಇತ್ತು.

ಈಗ ಪ್ರವೇಶಾತಿ ಮುಗಿದ ವಾರವೇ ನಾವು ಕೆಲಸ ಆರಂಭಿಸುತ್ತೇವೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹೆಸರೂ ಆಧಾರಿನಲ್ಲಿರುವ ಹೆಸರೂ ಇನಿಷಿಯಲ್ ಸಮೇತ ಹೊಂದುತ್ತವೆಯೇ, ನಾಡಕಚೇರಿಯ ಆದಾಯ ಪ್ರಮಾಣಪತ್ರದ ಐದು ವರ್ಷಗಳ ಅವಧಿ ಪದವಿಯ ನಡುವೆ ಮುಗಿಯುತ್ತದೆಯೇ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಒಬ್ಬೊಬ್ಬರದಾಗಿ ನೋಡುತ್ತೇವೆ. ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕು. ಗಿಡ ನೆಡುವುದು, ಸ್ವಚ್ಛತೆ ಮೊದಲಾದವುಗಳ ಜೊತೆಗೆ ಈ ಕೆಲಸವನ್ನೂ ಹಿರಿಯ ವಿದ್ಯಾರ್ಥಿಗಳು ವಹಿಸಿಕೊಂಡಿದ್ದಾರೆ. ನನ್ನೆದುರು ಬಾಯಿಬಿಡದ ಮಕ್ಕಳು ಅವರ ಬಳಿ ತಮ್ಮ ಮನೆಯ ಕಷ್ಟವನ್ನೂ ಹೇಳಿಕೊಳ್ಳುತ್ತಾರೆ. ದೂರದ ಹಳ್ಳಿಗಳ ಬಸ್ಸು ತಪ್ಪಬಾರದೆಂದು ಇದನ್ನು ಮಧ್ಯಾಹ್ನದ ಬಿಡುವಿನಲ್ಲೇ ಮುಗಿಸುತ್ತೇವೆ.

ನನ್ನ ಮೇಜಿನ ಮೇಲೆ ಒಂದು ಉದ್ದನೆಯ ನೋಟ್‌ಬುಕ್ ಇದೆ. ಅರ್ಜಿ ಮಂಜೂರಾದ ಮಾತ್ರಕ್ಕೆ ಅದರಲ್ಲಿ ಯಾರ ಹೆಸರಿನ ಮುಂದೆಯೂ ಗುರುತು ಹಾಕುವುದಿಲ್ಲ. ಪಾಸ್‌ಬುಕ್ಕಿನಲ್ಲಿ ಜಮೆಯ ಸಾಲನ್ನು ಕಣ್ಣಾರೆ ನೋಡಿದ ಮೇಲೆಯೇ ಹಾಕುತ್ತೇನೆ.